ಏಳು ಮಂದಿಯ ಆಟಕ್ಕೆ ಊದಿದ ಸೀಟಿ

ಉಸಿರು ಯಾರದೋ, ಕೂಗು ಮಾತ್ರ ನನ್ನದು. ನಾನೊಂದು ಸೀಟಿ. ಹಿತ್ತಾಳೆಯ ಮೈ, ಅದರ ಮೇಲೆ ಬೆಳ್ಳಿ ಬಣ್ಣದ ಲೇಪ, ಹೊಟ್ಟೆಯೊಳಗೆ ಕಡಲೆಕಾಳಿನಷ್ಟು ದೊಡ್ಡ ಬೆಂಡಿನ ಗುಂಡು. ಆ ಗುಂಡಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ನನ್ನನ್ನು ಹೊತ್ತವರು ಎರಡು ಹೆಜ್ಜೆ ನಡೆದರೂ ಸಾಕು, ಗಡಗಡ ಎಂದು ಉರುಳಾಡುತ್ತದೆ. ಹಾಗಾಗಿ ಹುಟ್ಟಿದಂದಿನಿಂದ ನನಗೆ ನೆಮ್ಮದಿ ಎಂಬುದಿಲ್ಲ. ಈ ಕಥೆಯನ್ನು ಸಾವಕಾಶವಾಗಿ ಹೇಳು ಎಂದರೆ ನನ್ನಿಂದ ಆಗದು, ಮೊದಲೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಜಲಂಧರಿನ ಒಂದು ಇಕ್ಕಟ್ಟಾದ ಓಣಿಯ ಕಾರ್ಖಾನೆಯಲ್ಲಿ. ತಗಡನ್ನು ಅಚ್ಚಿನಲ್ಲಿ ಒತ್ತಿದರು, ಬೆಸುಗೆ ಹಾಕಿದರು, ಸೀಳಿನಿಂದ ಗುಂಡನ್ನು ಒಳಗೆ ತಳ್ಳಿದರು. ಕೊನೆಗೆ ಒಬ್ಬ ಮನುಷ್ಯ ನನ್ನನ್ನು ಒಮ್ಮೆ ಊದಿ ನೋಡಿದ. ದಿನಕ್ಕೆ ಇನ್ನೂರು ಸೀಟಿ ಊದುವುದೇ ಅವನ ಕೆಲಸ. ಪಾಪ, ಸಂಜೆಯ ಹೊತ್ತಿಗೆ ಅವನ ಕೆನ್ನೆ ಜೋತುಬಿದ್ದಿರುತ್ತಿತ್ತು. ನನ್ನ ಕೂಗು ಕೇಳಿ ಅವನು ನಕ್ಕ ಎಂದು ನಾನು ಈಗಲೂ ನಂಬಿದ್ದೇನೆ. ನಗದಿದ್ದರೂ ಒಳ್ಳೆಯ ಸೀಟಿಗಳ ಗುಡ್ಡೆಗಂತೂ ಹಾಕಿದ.

ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ದುರ್ಗದ ಬೈಲಿನ ಹತ್ತಿರದ ಆಟದ ಸಾಮಾನಿನ ಅಂಗಡಿಯಲ್ಲಿ ನನ್ನನ್ನು ದಾರಕ್ಕೆ ಕಟ್ಟಿ ತೂಗುಹಾಕಿದರು. ಬಂದವರೆಲ್ಲ ಒಮ್ಮೆ ಊದಿ ವಾಪಸ್ ಇಡುವವರೇ. ಕ್ಯಾರಂ ಪುಡಿ ಕೊಳ್ಳಲು ಬಂದವರೂ ಊದುತ್ತಿದ್ದರು. ಅಂಗಡಿಯವರು ನನ್ನನ್ನು ಧೋತರದ ಸೆರಗಿಗೆ ಒರೆಸಿ ಮತ್ತೆ ತೂಗುಹಾಕುತ್ತಿದ್ದರು. ಎಂಟು ತಿಂಗಳಲ್ಲಿ ಎಷ್ಟು ಜನರ ಎಂಜಲು ಕಂಡೆನೋ ಲೆಕ್ಕವಿಲ್ಲ.

ಒಂದು ದಿನ ಒಬ್ಬರು ಬಂದರು. ಅವರು ನನ್ನನ್ನು ಊದಲೇ ಇಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಗುಂಡಿನ ಸದ್ದು ಕೇಳಿದರು. "ಇದನ್ನ ಕೊಡ್ರಿ" ಎಂದರು. ಅವರೇ ದೇವೇಂದ್ರಪ್ಪ ಹಳ್ಯಾಳ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ವಯಸ್ಸು ಮೂವತ್ತರ ಆಸುಪಾಸು. ಆ ವಾರವಷ್ಟೇ ಫುಟ್‌ಬಾಲ್ ರೆಫರಿ ಪರೀಕ್ಷೆ ಪಾಸಾಗಿದ್ದರು. ಮನೆಗೆ ಒಯ್ದು ಉಪ್ಪುನೀರಿನಲ್ಲಿ ನನ್ನನ್ನು ತೊಳೆದರು. ಬಾಯಿ ಇಡುವ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಅಲ್ಲಿಂದ ಮೂವತ್ತೊಂದು ವರ್ಷ ನಾನು ಅವರ ಎದೆಯ ಮೇಲೆ ತೂಗಿದೆ, ಅವರ ಹಲ್ಲಿನ ನಡುವೆ ಬದುಕಿದೆ.

ಹಲ್ಲಿನ ನಡುವೆ ಎಂದು ಸುಮ್ಮನೆ ಹೇಳಲಿಲ್ಲ. ತರಬೇತಿಯಲ್ಲಿ ಎಲ್ಲ ರೆಫರಿಗಳಿಗೂ ಒಂದು ಮಾತು ಹೇಳುತ್ತಾರೆ, ಆಟ ನಡೆಯುವಾಗ ಸೀಟಿ ಕೈಯಲ್ಲಿರಲಿ, ಬಾಯಲ್ಲಿ ಬೇಡ ಎಂದು. ಕೈಯಿಂದ ಬಾಯಿಗೆ ಬರುವಷ್ಟು ಹೊತ್ತಿನಲ್ಲಿ ಒಂದು ಸಲ ಯೋಚಿಸಲು ಬಿಡುವು ಸಿಗುತ್ತದೆ. ದೇವೇಂದ್ರಪ್ಪನವರು ಇದಕ್ಕೆ ಹೂಂ ಎಂದು ತಲೆಯಾಡಿಸುತ್ತಿದ್ದರು, ಆದರೆ ಮೈದಾನಕ್ಕೆ ಇಳಿದ ಕೂಡಲೇ ನನ್ನನ್ನು ಕಚ್ಚಿಕೊಳ್ಳುತ್ತಿದ್ದರು. ಅವರ ಕಣ್ಣು ಕಂಡದ್ದು ಆ ಕ್ಷಣವೇ ನನ್ನ ಬಾಯಲ್ಲಿ ಕೂಗಾಗುತ್ತಿತ್ತು. ಅದರಲ್ಲೂ ಆಫ್‌ಸೈಡ್ ಎಂದರೆ ಮುಗಿಯಿತು. ಎದುರಾಳಿಗಳ ಕೊನೆಯ ಸಾಲನ್ನು ದಾಟಿ ಗೋಲಿನ ಬಳಿ ಕಾದು ನಿಂತವನಿಗೆ ಚೆಂಡು ಕೊಟ್ಟರೆ ತಪ್ಪು, ಅಷ್ಟೇ ಆ ನಿಯಮ. ಅದನ್ನು ನೋಡಲು ಅವರಿಗೆ ದಾರ ಹಿಡಿದು ಅಳೆದಂಥ ಕಣ್ಣಿತ್ತು. ಬೆಳಗಾವಿಯ ಒಂದು ಪಂದ್ಯದಲ್ಲಿ ಜನ ಚಪ್ಪಲಿ ತೂರಿದರೂ ಅವರು ಮುಖ ತಿರುಗಿಸಲಿಲ್ಲ. ಊದಿದ ಮೇಲೆ ಮುಗಿಯಿತು, ಮರಳಿ ನುಂಗುವುದಿಲ್ಲ ಎನ್ನುತ್ತಿದ್ದರು. ನನಗೂ ಅದರಿಂದ ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ.

ಅವರು ನಿವೃತ್ತರಾದ ಮೇಲೆ ಭಾನುವಾರದ ಪಂದ್ಯಗಳೇ ಅವರ ಕೆಲಸವಾದವು. ಆಗ ಬಂತು ಆ ಸುತ್ತೋಲೆ.

ಮಕ್ಕಳ ಫುಟ್‌ಬಾಲಿಗೆ ಇನ್ನು ಮೇಲೆ ಚಿಕ್ಕ ಮೈದಾನ, ಕಡಿಮೆ ಆಟಗಾರರು ಎಂದು ಜಿಲ್ಲಾ ಸಂಘದವರು ತೀರ್ಮಾನಿಸಿದ್ದರು. ನಾಲ್ಕು ಪುಟ, ಇಂಗ್ಲಿಷಿನಲ್ಲಿ, ಮಸಿ ಹಿಡಿದ ಜೆರಾಕ್ಸ್. ಎಂಟು ವರ್ಷದೊಳಗಿನವರಿಗೆ ಕಡೆಗೆ ಐದು ಮಂದಿ, ಹತ್ತರೊಳಗಿನವರಿಗೆ ಏಳು, ಹನ್ನೆರಡರೊಳಗಿನವರಿಗೆ ಒಂಬತ್ತು. ಗೆರೆಯಾಚೆ ಹೋದ ಚೆಂಡನ್ನು ಕೈಯಿಂದ ಎಸೆಯುವಂತಿಲ್ಲ, ಗೆರೆಯ ಮೇಲಿಟ್ಟು ಒದೆಯಬೇಕು. ಗೋಲ್‌ಕೀಪರ್ ಚೆಂಡು ಹಿಡಿದಾಗ ಎದುರಾಳಿಗಳು ಅರ್ಧ ಮೈದಾನಕ್ಕೆ ಹಿಂದೆ ಸರಿಯಬೇಕು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಮೂರನೆಯ ಪುಟದ ಕೆಳಗೆ ಒಂದು ಸಾಲು, ಏಳು ಮಂದಿಯ ಆಟದಲ್ಲಿ ಆಫ್‌ಸೈಡ್ ಇಲ್ಲ. ಕೊನೆಯ ಪುಟದಲ್ಲಿ ಇನ್ನೊಂದು, ಹೊಸ ನಿಯಮ ಪಾಲಿಸದ ರೆಫರಿಗಳನ್ನು ಮುಂದೆ ಕರೆಯುವುದಿಲ್ಲ.

ಆ ಕೊನೆಯ ಸಾಲು ಓದಿದ ದಿನದಿಂದ ದೇವೇಂದ್ರಪ್ಪನವರು ನಿಂತಲ್ಲಿ ನಿಲ್ಲಲಾರರು, ಕೂತಲ್ಲಿ ಕೂರಲಾರರು. ತಟ್ಟೆಯಲ್ಲಿ ಏಳು ಶೇಂಗಾ, ಏಳು ಪುಠಾಣಿ ಇಟ್ಟು ಆಟ ಕಲಿಯುತ್ತಿದ್ದರು. ಹೆಂಡತಿ ಶಾಂತವ್ವ ಸುತ್ತೋಲೆಯ ಪ್ರಶ್ನೆಗಳನ್ನು ಕೇಳಬೇಕು, ಇವರು ಉತ್ತರ ಹೇಳಬೇಕು. ಆಫ್‌ಸೈಡ್ ಇದೆಯೋ ಇಲ್ಲವೋ ಎಂದು ಕೇಳಿದರೆ "ಇಲ್ಲ" ಎಂದು ಸರಿಯಾಗಿಯೇ ಹೇಳುತ್ತಿದ್ದರು. ಮರುಕ್ಷಣ ಒಂದು ಶೇಂಗಾ ಪುಠಾಣಿಗಳನ್ನು ದಾಟಿದರೆ ಬೆರಳು ತಾನಾಗಿ ಎದ್ದು ನನ್ನ ಕಡೆ ಬರುತ್ತಿತ್ತು. ಶಾಂತವ್ವ ನಕ್ಕು ಆ ಶೇಂಗಾವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ದೇವೇಂದ್ರಪ್ಪನವರು ಮಾತ್ರ ನಗುತ್ತಿರಲಿಲ್ಲ.

"ಈ ಸೀಟಿ ಕಸಗೊಂಡ್ರ ಐತವಾರ ನಾ ಏನ್ ಮಾಡ್ಲಿ ಹೇಳು" ಎಂದರು ಒಮ್ಮೆ. ನನಗೂ ಅದೇ ಹೆದರಿಕೆ ಹತ್ತಿತು.

ಹೊಸ ನಿಯಮದ ಮೊದಲ ಭಾನುವಾರ ರೈಲ್ವೆ ಮೈದಾನದಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ತಲೆ ಕೆಟ್ಟು ಮೊಸರು ಗಡಿಗೆಯಾಗುತ್ತದೆ. ಒಂದೇ ಮೈದಾನದಲ್ಲಿ ಸುಣ್ಣ ಎಳೆದು ಮೂರು ಮೈದಾನ ಮಾಡಿದ್ದರು. ಪಕ್ಕದಲ್ಲಿ ಸೀಟಿ ಊದಿದರೆ ಇಲ್ಲಿಯ ಮಕ್ಕಳು ನಿಲ್ಲುತ್ತಿದ್ದರು, ಇಲ್ಲಿ ನಾನು ಕೂಗಿದರೆ ಅಲ್ಲಿಯ ಗೋಲ್‌ಕೀಪರ್ ಚೆಂಡು ಬಿಟ್ಟು ನೀರು ಕುಡಿಯಲು ಹೊರಡುತ್ತಿದ್ದ. ಒಬ್ಬ ತರಬೇತುದಾರ ಹಳೇ ಲೆಕ್ಕದಲ್ಲಿ ಹನ್ನೊಂದು ಮಕ್ಕಳನ್ನು ಕರೆತಂದು, ಉಳಿದ ನಾಲ್ವರನ್ನು ಮನೆಗೆ ಕಳಿಸಲೇ ಎಂದು ಜಗಳಕ್ಕೆ ನಿಂತ. ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಿದ್ದರಿಂದ ಮಕ್ಕಳು ಸಂತೆಗೆ ಬಂದವರಂತೆ ಒಳಗೆ ಹೊರಗೆ ಓಡಾಡುತ್ತಿದ್ದರು. ಎಣಿಸಿ ನೋಡಿದರೆ ಒಂದು ಕಡೆ ಎಂಟು ಮಂದಿ. ಎಂಟನೆಯವನು ಆಡುತ್ತಿಲ್ಲ, ಸುಮ್ಮನೆ ನಿಂತಿದ್ದಾನೆ ಎಂದು ಅವನ ತಂದೆ ವಾದಿಸಿದರು. ಬಹಳ ಜನ ಸುತ್ತೋಲೆಯ ಮೊದಲ ಎರಡು ಪುಟ ಓದಿ ಕೈಬಿಟ್ಟಿದ್ದರು. ಆದರೂ ದೇವೇಂದ್ರಪ್ಪನವರು ಮಧ್ಯಾಹ್ನದವರೆಗೆ ಹೇಗೋ ನಿಭಾಯಿಸಿದರು. ನನ್ನನ್ನು ಹಲ್ಲಿನಿಂದ ತೆಗೆಯಲಿಲ್ಲ, ಅದೊಂದನ್ನು ಬಿಟ್ಟರೆ ತಪ್ಪು ಮಾಡಲಿಲ್ಲ.

ಕೊನೆಯ ಪಂದ್ಯ ಹತ್ತು ವರ್ಷದೊಳಗಿನ ಹುಡುಗಿಯರದು. ಒಂದು ಕಡೆ ಹಳೇ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆ. ಅವರ ಪಿಟಿ ಟೀಚರ್ ಶಾಹೀನ್ ಕಿತ್ತೂರ ನಾಲ್ಕೂ ಪುಟವನ್ನು ಓದಿ, ಕನ್ನಡದಲ್ಲಿ ಬರೆದು, ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಅವರ ತಂಡದಲ್ಲಿ ತನುಜಾ ಮುಳಗುಂದ ಎಂಬ ಹುಡುಗಿ ಇದ್ದಳು. ಎಂಟು ವರ್ಷ, ದುಂಡು ಮುಖ, ಓಟದಲ್ಲಿ ಎಲ್ಲರಿಗಿಂತ ಹಿಂದೆ. ಆದರೆ ಚೆಂಡು ಕಾಲಿಗೆ ಸಿಕ್ಕರೆ ನೇರ ಒದೆಯುತ್ತಿದ್ದಳು. ಟೀಚರ್ ಅವಳಿಗೆ ಒಂದೇ ಕೆಲಸ ಕೊಟ್ಟಿದ್ದರು. ಆಫ್‌ಸೈಡ್ ಇಲ್ಲವಲ್ಲ, ಹಾಗಾಗಿ ಎದುರಿನ ಗೋಲಿನ ಹತ್ತಿರವೇ ನಿಲ್ಲಬೇಕು, ಚೆಂಡು ಬಂದಾಗ ಒದೆಯಬೇಕು. ಆಟವೆಲ್ಲ ಅವಳು ಅಲ್ಲೇ ನಿಂತಿದ್ದಳು. ಎದುರಾಳಿ ಹುಡುಗಿಯರ ಅಮ್ಮಂದಿರು ನಕ್ಕರು, ಬಸ್ಸಿಗೆ ಕಾಯುತ್ತಿದ್ದಾಳೇನೋ ಎಂದರು.

ಆಟ ಮುಗಿಯಲು ನಾಲ್ಕು ನಿಮಿಷವಿತ್ತು. ಎರಡೂ ಕಡೆ ಗೋಲಿಲ್ಲ. ಒಂದು ಚೆಂಡು ಎಲ್ಲರನ್ನೂ ದಾಟಿ ಉರುಳುತ್ತ ತನುಜಾಳ ಕಾಲಿಗೇ ಬಂತು. ಅವಳ ಮುಂದೆ ಗೋಲ್‌ಕೀಪರ್ ಒಬ್ಬಳೇ. ಆ ಕ್ಷಣ ದೇವೇಂದ್ರಪ್ಪನವರ ಹಲ್ಲು ಬಿಗಿಯಿತು. ಬೇಡ, ಬೇಡ ಎಂದುಕೊಂಡೆ ನಾನು. ಆದರೆ ಮೂವತ್ತೊಂದು ವರ್ಷದ ಉಸಿರು ಬಂದುಬಿಟ್ಟಿತ್ತು.

ಕೂಗಿದೆ. ಮೈದಾನದ ಆ ತುದಿಗೆ ಕೇಳುವಂತೆ ಕೂಗಿದೆ. ತನುಜಾ ಒದ್ದ ಚೆಂಡು ಆಮೇಲೆ ಬಲೆಯೊಳಗೆ ಹೋಯಿತು.

ಅಮ್ಮಂದಿರು ಚಪ್ಪಾಳೆ ತಟ್ಟಿದರು, ಆಫ್‌ಸೈಡ್ ಹಿಡಿದ ರೆಫರಿ ಭಲೇ ಎಂದು. ಶಾಹೀನ್ ಟೀಚರ್ ಸುತ್ತೋಲೆ ಹಿಡಿದುಕೊಂಡು ಗೆರೆಯ ತನಕ ಬಂದು ನಿಂತರು, ಒಳಗೆ ಕಾಲಿಡಲಿಲ್ಲ. ದೇವೇಂದ್ರಪ್ಪನವರ ಮುಖ ಬಿಳಿಚಿತ್ತು. ನನ್ನನ್ನು ಬಾಯಿಂದ ತೆಗೆದರು.

ಸಂಘದ ಕಾರ್ಯದರ್ಶಿ ವಿನ್ಸೆಂಟ್ ಓಡಿಬಂದರು. ಅವರು ಒಳ್ಳೆಯ ಮನುಷ್ಯ, ಹಳೆಯ ಗೆಳೆಯ. ಕಿವಿಯ ಹತ್ತಿರ ಬಂದು ಮೆಲ್ಲಗೆ, "ಹಳ್ಯಾಳ ಸರ್, ಆ ಹುಡುಗಿ ಗೋಲ್‌ಕೀಪರ್‌ನ ನೂಕಿದ್ಲು ಅಂತ ಹೇಳಿಬಿಡ್ರಿ. ಯಾರಿಗೆ ಗೊತ್ತಾಗತೈತಿ" ಎಂದರು.

ಗೊತ್ತಾಗುವುದು ಒಬ್ಬನಿಗೆ, ನನಗೆ. ಆ ಉಸಿರಿನಲ್ಲಿ ಏನಿತ್ತು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ದೇವೇಂದ್ರಪ್ಪನವರು ವಿನ್ಸೆಂಟರನ್ನು ನೋಡಿದರು, ಸುತ್ತೋಲೆಯ ಕೊನೆಯ ಸಾಲನ್ನೂ ನೆನೆದಿರಬೇಕು. ಆಮೇಲೆ ಗೆರೆಯ ಬಳಿ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ಟೀಚರ್, ಈ ಆಟದಾಗ ಆಫ್‌ಸೈಡ್ ಇಲ್ಲ. ನಾ ಊದಿದ್ದು ತಪ್ಪು."

ಹಾಗಾದರೆ ಗೋಲ್ ಕೊಡುತ್ತೀರಾ ಎಂದು ಟೀಚರ್ ಕೇಳಿದರು. ಕೊಡಲು ಬರುವುದಿಲ್ಲ ಎಂದರು ಇವರು. ಅದು ಯಾವ ಸುತ್ತೋಲೆಯೂ ಬದಲಿಸದ ಹಳೆಯ ಕಾನೂನು. ಸೀಟಿ ಊದಿದ ಕ್ಷಣ ಆಟ ನಿಂತಂತೆ, ಆಮೇಲೆ ಚೆಂಡು ಎಲ್ಲಿ ಹೋದರೂ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಗೋಲಿನ ಮುಂದಿನ ಚೌಕದಲ್ಲಿ ಆಟ ನಿಂತಿದ್ದರಿಂದ ಚೆಂಡನ್ನು ಗೋಲ್‌ಕೀಪರ್‌ಗೇ ಕೊಟ್ಟು ಆಟ ಶುರು ಮಾಡಬೇಕು. ತಪ್ಪು ನಮ್ಮದು, ಚೆಂಡು ಎದುರಾಳಿಗೆ. ಹೊಟ್ಟೆಯೊಳಗಿನ ಗುಂಡನ್ನು ಉಗುಳಿಬಿಡಬೇಕು ಎನ್ನಿಸಿತು ನನಗೆ. ಉಳಿದ ನಾಲ್ಕು ನಿಮಿಷದಲ್ಲಿ ಎದುರಾಳಿಗಳು ಒಂದು ಗೋಲ್ ಹೊಡೆದು ಗೆದ್ದರು.

ಮಕ್ಕಳು ಚಪ್ಪಲಿ ಹುಡುಕಿಕೊಳ್ಳುವಾಗ ತನುಜಾ ಬಂದು ದೇವೇಂದ್ರಪ್ಪನವರ ಎದುರು ನಿಂತಳು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಅಜ್ಜಾರ, ನಾ ಏನ್ ತಪ್ಪ ಮಾಡಿದ್ನಿ?"

"ನೀ ಏನೂ ಮಾಡಿಲ್ಲವಾ. ನಂದ ತಪ್ಪು."

ಅವಳು ಸರಿ ಎಂದು ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. ದೊಡ್ಡವರು ಸೀಟಿ ಊದಿದರೆ ತಪ್ಪು ಮಕ್ಕಳದ್ದೇ ಎಂದು ಆ ವಯಸ್ಸಿಗೆ ಅವರು ಕಲಿತಾಗಿರುತ್ತದೆ.

ದೇವೇಂದ್ರಪ್ಪನವರನ್ನು ಯಾರೂ ತೆಗೆದುಹಾಕಲಿಲ್ಲ. ಟೀಚರ್ ದೂರು ಕೊಡಲಿಲ್ಲ. ತಪ್ಪು ಒಪ್ಪಿಕೊಂಡ ರೆಫರಿಯನ್ನು ಕಳೆದುಕೊಳ್ಳುವಷ್ಟು ರೆಫರಿಗಳು ನಮ್ಮಲ್ಲಿಲ್ಲ ಎಂದು ವಿನ್ಸೆಂಟ್ ಮನೆಗೇ ಬಂದು ಹೇಳಿ ಹೋದರು. ಶಾಂತವ್ವ ಅವರಿಗೆ ಚಹಾ ಕೊಟ್ಟರು. ನಾನು ಗೂಟದ ಮೇಲೆ ತೂಗುತ್ತ ಖುಷಿಪಟ್ಟೆ. ಬದುಕಿಕೊಂಡೆವು ಎಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕಷ್ಟೇ.

ಮುಂದಿನ ತಿಂಗಳು ಅದೇ ಮೈದಾನದಲ್ಲಿ ಮತ್ತೆ ಪಂದ್ಯಗಳಾದವು. ದೇವೇಂದ್ರಪ್ಪನವರು ಈಗ ನನ್ನನ್ನು ಅಂಗೈಯಲ್ಲಿ ಹಿಡಿದಿದ್ದರು, ಹಲ್ಲಿಗೆ ತಾಗಿಸಲೇ ಇಲ್ಲ. ತನುಜಾ ಎಂದಿನಂತೆ ಗೋಲಿನ ಹತ್ತಿರ ನಿಂತಿದ್ದಳು. ಚೆಂಡು ಬಂತು. ಅವಳು ಒದೆಯಲಿಲ್ಲ. ತಿರುಗಿ ದೇವೇಂದ್ರಪ್ಪನವರ ಮುಖ ನೋಡಿದಳು. ಅಷ್ಟರಲ್ಲಿ ಎದುರಾಳಿ ಬಂದು ಚೆಂಡು ಒಯ್ದಳು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅವಳ ಕಾಲು ಮೇಲೆದ್ದಿತು, ಗಾಳಿಯಲ್ಲೇ ನಿಂತಿತು, ಕಣ್ಣು ಇವರ ಮುಖದ ಮೇಲೆ. ಕೇಳುವ ಕಣ್ಣು ಅದು. ಒದೆಯಲೇ ಎಂದು ಅಪ್ಪಣೆ ಕೇಳುತ್ತಿತ್ತು.

ಹೋದದ್ದು ಒಂದು ಗೋಲ್ ಎಂದು ನಾವು ತಿಳಿದಿದ್ದೆವು. ಆ ಒಂದು ಕೂಗು ಅವಳ ಕಾಲೊಳಗೆ ಹೋಗಿ ಕೂತಿತ್ತು.

ಪಂದ್ಯ ಮುಗಿದ ಮೇಲೆ ಅವರು ಟೀಚರ್ ಬಳಿ ಹೋದರು. ಟೀಚರ್ ಮುಚ್ಚುಮರೆ ಇಲ್ಲದೆ ಹೇಳಿದರು. "ಬರೇ ಇಲ್ಲಿ ಅಷ್ಟ ಅಲ್ಲರಿ ಸರ್. ಸಾಲ್ಯಾಗೂ ಹಂಗ ಮಾಡ್ತಾಳ. ಚೆಂಡ ಬಂದ ಕೂಡ್ಲೆ ನನ್ನ ಮಾರಿ ನೋಡ್ತಾಳ."

ದೇವೇಂದ್ರಪ್ಪನವರು ಕೊರಳಿನ ದಾರ ಬಿಚ್ಚಿ ನನ್ನನ್ನು ಟೀಚರ ಕೈಗೆ ಕೊಟ್ಟರು. ಇದು ತಮ್ಮ ಕೊರಳಲ್ಲಿ ಇರುವ ತನಕ ಆ ಹುಡುಗಿ ತಮ್ಮನ್ನು ರೆಫರಿ ಎಂದೇ ನೋಡುತ್ತಾಳೆ, ನಿಯಮ ಓದಿದವರು ನೀವು, ನಿಮ್ಮ ಹತ್ತಿರ ಇರಲಿ ಎಂದರು. ಟೀಚರ್ ಬೇಡವೆಂದರು, ವಿನ್ಸೆಂಟ್ ಬೇಡವೆಂದರು. ಅವರು ಕೇಳಲಿಲ್ಲ. ಯಾವುದು ಹೋದರೆ ಗತಿ ಏನು ಎಂದು ತಿಂಗಳುಗಟ್ಟಲೆ ಒದ್ದಾಡಿದ್ದರೋ ಅದನ್ನು ತಾವಾಗಿಯೇ ಕೊಟ್ಟು ನಡೆದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಸಿಟ್ಟು ಬಂತು, ದುಃಖವೂ ಆಯಿತು.

ಆದರೆ ಮರುದಿನ ಸಂಜೆ ಶಾಲೆ ಬಿಡುವ ಹೊತ್ತಿಗೆ ಅವರು ಶಾಲೆಯ ಅಂಗಳಕ್ಕೇ ಬಂದರು. ತನುಜಾಳಿಗೆ ಆಟ ಹೇಳಿಕೊಡಲು ಅನುಮತಿ ಕೇಳಿದರು. ಗೋಡೆಗೆ ಇದ್ದಿಲಿನಲ್ಲಿ ಗೋಲ್ ಬರೆದರು. ಚೆಂಡನ್ನು ಅವಳ ಕಡೆ ಉರುಳಿಸಿ, ಅವಳಿಗೆ ಬೆನ್ನು ಮಾಡಿ ನಿಂತರು. ಅವಳು ನೋಡಿದಳು, ಮುಖ ಸಿಗಲಿಲ್ಲ. ಬರೀ ಬೆನ್ನು, ಇಸ್ತ್ರಿ ಮಾಡಿದ ಅಂಗಿ. ಟೀಚರ್ ಕೂಡ ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬೇರೆ ಮಕ್ಕಳ ಕಡೆ ತಿರುಗಿದರು. ನೋಡಲು ಯಾರೂ ಉಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಗೋಡೆಗೆ ಧಪ್ ಎಂದು ಚೆಂಡು ಬಡಿದ ಸದ್ದು ಕೇಳಿತು.

"ಗೋಲ್ ಆತೇನವಾ?" ಎಂದು ಅವರು ಹಿಂದೆ ತಿರುಗದೆ ಕೇಳಿದರು.

ಅವಳು ಅನುಮಾನಿಸಿದಳು. "ಇಲ್ರಿ ಅಜ್ಜಾರ. ಗೆರಿ ಹೊರಗ ಬಡೀತು."

ಮಳೆಗಾಲ ಬರುವ ತನಕ, ಮಳೆ ನಿಂತ ಮೇಲೂ, ವಾರಕ್ಕೆ ಮೂರು ಸಂಜೆ ಹೀಗೆ ನಡೆಯಿತು. ಅವರು ಉರುಳಿಸುವರು, ಬೆನ್ನು ಮಾಡುವರು, ಕೇಳುವರು. ಅವಳು ಹೇಳಿದ್ದೇ ತೀರ್ಪು. ಒಂದು ದಿನವೂ ತಿರುಗಿ ನೋಡಿ ಪರೀಕ್ಷೆ ಮಾಡಲಿಲ್ಲ. ಅವಳು ಸುಳ್ಳು ಹೇಳಿದ್ದನ್ನೂ ನಾನು ಕೇಳಲಿಲ್ಲ. ಹೊರಗೆ ಹೋದದ್ದನ್ನು ಹೊರಗೆ ಎಂದೇ ಹೇಳುತ್ತಿದ್ದಳು, ಕೆಲವು ದಿನ ಬೇಸರದಿಂದ, ಕೆಲವು ದಿನ ನಗುತ್ತ.

ಮರುವರ್ಷದ ಪಂದ್ಯಕ್ಕೆ ಟೀಚರ್ ನನ್ನನ್ನು ಅಭ್ಯಾಸಬಲದಿಂದ ಮುಷ್ಟಿಯಲ್ಲಿ ಹಿಡಿದು ಬಂದಿದ್ದರು. ರೆಫರಿಯಾಗಿದ್ದವನು ಒಬ್ಬ ಹೊಸ ಯುವಕ, ಅವನ ಕೊರಳಲ್ಲಿ ಗುಂಡೇ ಇಲ್ಲದ ಪ್ಲಾಸ್ಟಿಕ್ ಸೀಟಿ. ಅದು ಚೂರಿಯಂತೆ ಚೀರುತ್ತದೆ, ದನಿಯಲ್ಲಿ ನಡುಕವೇ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ದೇವೇಂದ್ರಪ್ಪನವರು ಗೆರೆಯಾಚೆ ಅಮ್ಮಂದಿರ ಸಾಲಿನಲ್ಲಿ ನಿಂತಿದ್ದರು.

ಎರಡನೆಯ ಅರ್ಧದಲ್ಲಿ ಚೆಂಡು ತನುಜಾಳ ಕಾಲಿಗೆ ಬಂತು. ಗೋಲಿನ ಮುಂದೆ ಅವಳೊಬ್ಬಳೇ. ಟೀಚರ ಬೆರಳ ಸಂದಿಯಿಂದ ನಾನು ನೋಡುತ್ತಿದ್ದೆ. ಪಕ್ಕದ ಮೈದಾನದಲ್ಲಿ ಸೀಟಿ ಕೂಗಿತು. ನಮ್ಮ ಮೈದಾನದ ಅರ್ಧ ಮಕ್ಕಳು ನಿಂತುಬಿಟ್ಟರು. ತನುಜಾ ನಿಲ್ಲಲಿಲ್ಲ. ಯಾರ ಮುಖವನ್ನೂ ನೋಡದೆ ಒದ್ದಳು.

ಚೆಂಡು ಕಂಬದ ಪಕ್ಕದಿಂದ ಹೊರಗೆ ಹೋಯಿತು.

ಎದುರಾಳಿಗಳ ಕಡೆಯವರು ನಿಟ್ಟುಸಿರು ಬಿಟ್ಟರು. ನಮ್ಮವರು ತಲೆ ಮೇಲೆ ಕೈ ಹೊತ್ತರು. ದೇವೇಂದ್ರಪ್ಪನವರೊಬ್ಬರೇ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದರು, ತಟ್ಟುತ್ತಲೇ ಇದ್ದರು. ಗೋಲ್ ಆಗಲಿಲ್ಲವಲ್ಲ ಎಂದು ಪಕ್ಕದ ಹೆಂಗಸು ಅವರನ್ನು ವಿಚಿತ್ರವಾಗಿ ನೋಡಿದಳು.

"ಹೊರಗ ಹೋದ್ರ ಹೋಗ್ಲಿ ಬಿಡ್ರಿ" ಎಂದರು ಅವರು. "ಯಾರನ್ನೂ ಕೇಳದ ಒದ್ದಳು." ಕಣ್ಣು ಒರೆಸಿಕೊಳ್ಳಲು ಕರವಸ್ತ್ರ ಸಿಗದೆ ಅಂಗಿಯ ತೋಳಿಗೇ ಒರೆಸಿಕೊಂಡರು.

ಆಮೇಲೆ ನನ್ನನ್ನು ಊದಿದವರು ಕಡಿಮೆ. ಬೆಂಡಿನ ಗುಂಡು ನೀರು ಕುಡಿದು ಊದಿಕೊಂಡಿದೆ, ಲೇಪ ಸುಲಿದು ಹಿತ್ತಾಳೆ ಕಾಣುತ್ತಿದೆ. ಶಾಹೀನ್ ಟೀಚರ ಕಬ್ಬಿಣದ ಕಪಾಟಿನಲ್ಲಿ, ಗಾಳಿ ಹೋದ ಚೆಂಡುಗಳ ಕೆಳಗೆ ನನ್ನ ಜಾಗ. ಮೈ ದಣಿದಿದ್ದರೂ ಮನಸ್ಸಿಗೆ ಇನ್ನೂ ವಿಶ್ರಾಂತಿ ಬಂದಿಲ್ಲ. ನಿಯಮಗಳು ಮತ್ತೆ ಬದಲಾದವು ಎಂದು ಕೇಳಿದೆ, ಆಗಲಿ, ಅದು ನನ್ನ ಚಿಂತೆಯಲ್ಲ. ಅಂಗಳದಲ್ಲಿ ಯಾವುದಾದರೂ ಸೀಟಿ ಕೂಗಿದಾಗಲೆಲ್ಲ ಆ ಕತ್ತಲಲ್ಲಿ ಕಿವಿಗೊಟ್ಟು ಕಾಯುತ್ತೇನೆ. ಎಲ್ಲೋ ಒಂದು ಮಗುವಿನ ಕಾಲು ನಿಂತುಹೋಯಿತೇನೋ ಎಂದು ಜೀವ ತಳಮಳಿಸುತ್ತದೆ. ಚೆಂಡು ಗೋಡೆಗೆ ಬಡಿದ ಸದ್ದು ಕೇಳುವ ತನಕ ನನಗೆ ಸಮಾಧಾನವಿಲ್ಲ.